ಗೊದಮೊಟ್ಟೆಯ ಎರಡು ಗಂಟು

ಮಕ್ಕಳೇ, ಕಾಡಿನ ಅಂಚಿನ ಒಂದು ಕೊಳದಲ್ಲಿ ಸಾವಿರಾರು ಮೀನುಗಳೂ ಒಬ್ಬರೇ ಒಬ್ಬರು ವೈದ್ಯರೂ ಇದ್ದರು. ವೈದ್ಯರೂ ಮೀನೇ. ಉದ್ದ ಮೀಸೆ ಇದ್ದುದರಿಂದ ಎಲ್ಲರೂ ಅವರನ್ನು ಮೀಸೆ ಪಂಡಿತರು ಎನ್ನುತ್ತಿದ್ದರು. ಪಂಡಿತರ ಕೈಗುಣ ದೊಡ್ಡದು ಎಂದು ಕೊಳವೆಲ್ಲ ಹೊಗಳುತ್ತಿತ್ತು. ಮೀನಿಗೆ ಕೈ ಎಲ್ಲಿದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದರೆ ಪಂಡಿತರು ಬೇಜಾರು ಮಾಡಿಕೊಳ್ಳುತ್ತಾರಲ್ಲ.

ಅದೇ ಕೊಳದಲ್ಲಿ ದುಂಡು ಎಂಬ ಗೊದಮೊಟ್ಟೆ ಇದ್ದ. ಗೊದಮೊಟ್ಟೆ ಎಂದರೆ ಕಪ್ಪೆಯ ಮರಿ ಎಂದು ನಿಮಗೆ ಗೊತ್ತು. ದುಂಡುವಿಗೆ ಗೊತ್ತಿರಲಿಲ್ಲ. ಅವನ ತಾಯಿ ಮೊಟ್ಟೆಯಿಟ್ಟು ದಡ ಹತ್ತಿ ಹೋದವಳು ತಿರುಗಿ ನೋಡಿರಲಿಲ್ಲ. ಕಪ್ಪೆಗಳ ಪದ್ಧತಿಯೇ ಹಾಗೆ. ಮೀನುಗಳ ನಡುವೆ ಬೆಳೆದ ದುಂಡು ತಾನೂ ಒಂದು ಮೀನು ಎಂದುಕೊಂಡಿದ್ದ. ಬಲು ಒಳ್ಳೆಯವನು, ಆದರೆ ವಿಪರೀತ ದಾಕ್ಷಿಣ್ಯ. ಯಾರಾದರೂ ಅವನ ಬಾಲ ಕಚ್ಚಿದರೂ "ನನ್ನದೇ ತಪ್ಪು, ಅಡ್ಡ ಇಟ್ಟಿದ್ದೆ" ಎನ್ನುವವನು.

ಒಂದು ಬೆಳಿಗ್ಗೆ ಅವನ ಬಾಲದ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಗಂಟು ಕಾಣಿಸಿತು. ಪಕ್ಕದ ಕಲ್ಲುಸಂದಿಯಲ್ಲಿದ್ದ ಬೆಳ್ಳಕ್ಕ ಎಂಬ ಮೀನು ಅದನ್ನು ನೋಡಿದವಳೇ ಗಾಬರಿಬಿದ್ದು, ಅವನನ್ನು ಪಂಡಿತರ ಬಳಿಗೆ ಕರೆದೊಯ್ದಳು.

ಪಂಡಿತರು ಮೀಸೆಯಿಂದ ಎರಡು ಸಲ ಮುಟ್ಟಿ ನೋಡಿದರು. ಮೂರನೆಯ ಸಲ ಮುಟ್ಟಲು ಅವರಿಗೆ ಪುರುಸೊತ್ತಿರಲಿಲ್ಲ.

"ಕೆಟ್ಟ ಗಂಟು," ಎಂದರು. "ಆರೋಗ್ಯವಾಗಿರೋ ಮೀನಿಗೆ ಇಂಥದ್ದು ಇರಲ್ಲ. ನಾಳೆ ಬೆಳಿಗ್ಗೆ ಕತ್ತರಿಸಿ ತೆಗೆಸಿಬಿಡೋಣ. ಇವತ್ತು ಏನೂ ತಿನ್ನಬೇಡ."

ಕತ್ತರಿಸುವ ಕೆಲಸ ಏಡಿಯದು. ಮೂಲೆಯಲ್ಲಿ ಕೂತಿದ್ದ ಏಡಿ ತನ್ನ ಕತ್ತರಿಗೈಯನ್ನು ಒಮ್ಮೆ ತೆರೆದು ಮುಚ್ಚಿತು.

"ಪಂಡಿತರೇ, ಮುಂಚೆ ಯಾರಿಗಾದ್ರೂ ಹೀಗೆ ಆಗಿತ್ತಾ?" ಎಂದು ಅವನು ಮೆಲ್ಲಗೆ ಕೇಳಿದ.

"ಒಬ್ಬನಿಗೆ ಆಗಿತ್ತು, ಬಹಳ ಹಿಂದೆ. ಒಂದು ಗಂಟು ತೆಗೆಸಿ, ಇನ್ನೊಂದಕ್ಕೆ ವಾರ ಬಿಟ್ಟು ಬಾ ಅಂದೆ. ಆಸಾಮಿ ಬರಲೇ ಇಲ್ಲ. ವಾಸಿಯಾಗದೆ ಇದ್ದಿದ್ರೆ ಬರ್ತಿರಲಿಲ್ವಾ?"

ಇಂಥ ಸಾಕ್ಷಿಯ ಮುಂದೆ ಯಾರು ಏನು ಹೇಳಿಯಾರು? ದುಂಡು ನಮಸ್ಕಾರ ಹೇಳಿ ಹೊರಗೆ ಬಂದ.

"ಬೆಳ್ಳಕ್ಕಾ, ಇನ್ನೊಬ್ಬರನ್ನ ಒಂದು ಮಾತು ಕೇಳಿದ್ರೆ ಹೇಗೆ?"

"ಮೆಲ್ಲಗೆ ಮಾತಾಡೋ. ಪಂಡಿತರ ಕಿವಿಗೆ ಬಿದ್ರೆ ಎಷ್ಟು ನೊಂದ್ಕೋತಾರೆ ಗೊತ್ತಾ? ನಮ್ಮಜ್ಜಿ ಕಾಲದಿಂದ ಅವರ ಹತ್ರಾನೇ ತೋರಿಸ್ತಿದೀವಿ."

ಬೆಳ್ಳಕ್ಕ ಬಲು ಜಾಣೆ. ಮಧ್ಯಾಹ್ನದ ಊಟಕ್ಕೆ ಪಾಚಿ ಬೇಕಾದರೆ ಹತ್ತು ಕಲ್ಲು ಮೂಸಿ ನೋಡಿ ಆರಿಸುವವಳು. ಆದರೆ ಮೈಗೆ ಕತ್ತರಿ ಹಾಕಿಸಲು ಒಂದೇ ಮಾತು ಸಾಕಾಗಿತ್ತು. ಮೈ ದುಂಡುವಿನದಾದ್ದರಿಂದ ಇನ್ನೂ ಸುಲಭವಾಗಿತ್ತು.

ಸಂಜೆ ಹಸಿದ ಹೊಟ್ಟೆಯಲ್ಲಿ ದುಂಡು ಅತ್ತಿತ್ತ ಈಜುತ್ತ ದಡದ ಕಡೆಗೆ ಬಂದ. ಅಲ್ಲೊಂದು ಕಲ್ಲಿನ ಮೇಲೆ ಅರ್ಧ ನೀರಿನಲ್ಲಿ, ಅರ್ಧ ಹೊರಗೆ ಒಬ್ಬ ಮುದಿ ಕಪ್ಪೆ ಕೂತಿದ್ದ. ನೀರಿನವರು ಅವನನ್ನು ದಡದಜ್ಜ ಎನ್ನುತ್ತಿದ್ದರು, ಮಾತಾಡಿಸುತ್ತಿರಲಿಲ್ಲ. ದುಂಡು ಅವನ ಮುಂದೆ ಮೂರು ಸುತ್ತು ಹಾಕಿದ. ಕೇಳಲೋ ಬೇಡವೋ ಎಂದು ನಾಲ್ಕನೆಯ ಸುತ್ತನ್ನೂ ಹಾಕಿದ.

"ಅಜ್ಜಾ, ಒಂದು ವಿಷಯ. ನನಗಲ್ಲ, ನನ್ನ ಗೆಳೆಯನಿಗೆ. ಬಾಲದ ಹತ್ರ ಎರಡು ಗಂಟು ಬಂದಿದೆಯಂತೆ."

"ಹೌದಾ? ಹಾಗಾದ್ರೆ ನಿನ್ನ ಗೆಳೆಯ ಸ್ವಲ್ಪ ಆ ಕಡೆ ತಿರುಗಲಿ, ನೋಡೋಣ."

ದುಂಡು ನಾಚಿಕೊಂಡು ತಿರುಗಿದ. ಅಜ್ಜ ಬಗ್ಗಿ ನೋಡಿದ. ಎಡದಿಂದ ನೋಡಿದ, ಬಲದಿಂದ ನೋಡಿದ.

"ಮಗೂ, ಇದು ಗಂಟಲ್ಲ, ಕಾಲು. ನೀನು ಮೀನಲ್ಲ, ಕಪ್ಪೆ. ಇನ್ನು ಕೆಲವು ದಿನಕ್ಕೆ ಮುಂದೆಯೂ ಎರಡು ಬರುತ್ತವೆ. ಆಮೇಲೆ ಬಾಲ ಕರಗುತ್ತೆ, ನೀನು ದಡಕ್ಕೆ ಬರ್ತೀಯ. ಹಿಂಗಾಲಿಲ್ಲದೆ ದಡ ಹತ್ತೋಕೆ ಆಗಲ್ಲ."

"ಆದರೆ ಪಂಡಿತರು..."

"ಪಂಡಿತರು ಕೆಟ್ಟವರಲ್ಲ. ಮೀನಿನ ಕಿವಿರಿನ ವಿಷಯ ಅವರಷ್ಟು ಬಲ್ಲವರಿಲ್ಲ. ಕಾಲು ಮಾತ್ರ ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೂ ಗೊತ್ತಿಲ್ಲ."

"ಮುಂಚೆ ಒಬ್ಬನಿಗೆ ತೆಗೆಸಿದ್ರಂತೆ. ಅವನು ವಾಸಿಯಾದನಂತೆ. ಅದಕ್ಕೇ ವಾಪಸ್ ಬರಲಿಲ್ಲವಂತೆ."

ದಡದಜ್ಜ ನೀರಿನಿಂದ ಮೆಲ್ಲಗೆ ಮೇಲೆದ್ದು ಕಲ್ಲಿನ ಮೇಲೆ ಪೂರ್ತಿ ಕೂತ. ಅವನಿಗೆ ಒಂದೇ ಹಿಂಗಾಲಿತ್ತು.

"ವಾಪಸ್ ಹೋಗಿದ್ರೆ ಇದೂ ಇರ್ತಿರಲಿಲ್ಲ," ಎಂದ. "ನನಗೂ ಅವತ್ತು ಇನ್ನೊಬ್ಬರನ್ನ ಕೇಳೋಕೆ ಸಂಕೋಚವಾಗಿತ್ತು."

ದುಂಡುವಿಗೆ ಅಳು ಬಂತು. ಅಜ್ಜನಿಗಾಗಿ ಸ್ವಲ್ಪ, ತನಗಾಗಿ ಬಹಳ.

ಮರುದಿನ ಬೆಳಿಗ್ಗೆ ಏಡಿ ಸಿದ್ಧವಾಗಿ ಕಾಯುತ್ತಿತ್ತು. ದುಂಡು ಬಂದವನು ಹುಟ್ಟಿದಾಗಿನಿಂದ ಆಡದ ಮಾತೊಂದನ್ನು ಆಡಿದ. "ಪಂಡಿತರೇ, ಈಗ ಬೇಡ. ದಡದಜ್ಜನನ್ನ ಕೇಳಿದೆ. ಇದು ಕಾಲಂತೆ. ಒಂದು ತಿಂಗಳು ಕಾದು, ನಾನೇ ಬಂದು ತೋರಿಸ್ತೀನಿ."

ಪಂಡಿತರ ಮೀಸೆ ಜೋತುಬಿತ್ತು. "ನಮ್ಮ ಮೇಲೆ ನಂಬಿಕೆ ಇಲ್ಲ ಅಂದಮೇಲೆ ನಾವೇನು ಹೇಳೋದು" ಎಂದು ಮುಖ ತಿರುಗಿಸಿದರು. ಸುದ್ದಿ ಕೊಳವೆಲ್ಲ ಹರಡಿತು. ಪಂಡಿತರಿಗೆ ಎಷ್ಟು ನೋವಾಯಿತೋ ಎಂದು ಬೆಳ್ಳಕ್ಕ ಮನೆಮನೆಗೆ ಹೋಗಿ ಮರುಗಿದಳು. ಎಚ್ಚರವಿದ್ದಾಗಲೇ ಎರಡು ಕಾಲು ಕತ್ತರಿಸಿಕೊಂಡಿದ್ದರೆ ದುಂಡುವಿಗೆ ಎಷ್ಟು ನೋವಾಗುತ್ತಿತ್ತೋ ಎಂದು ಯಾರೂ ಮರುಗಲಿಲ್ಲ.

ತಿಂಗಳು ಕಳೆಯಿತು. ದುಂಡು ಮಾತಿಗೆ ತಪ್ಪದೆ ಪಂಡಿತರ ಬಳಿಗೆ ಬಂದ. ಸರದಿಯಲ್ಲಿದ್ದವರೆಲ್ಲ ಅವನನ್ನು ಕಂಡು ದೂರ ಸರಿದರು. ಪಂಡಿತರು ಅವನ ಸುತ್ತ ಒಮ್ಮೆ ಈಜಿ ನಿಟ್ಟುಸಿರಿಟ್ಟರು.

"ನಾನು ಹೇಳಿರಲಿಲ್ವಾ? ಎರಡಿದ್ದದ್ದು ನಾಲ್ಕಾಗಿದೆ. ಬಾಲವೂ ಹೋಯ್ತು. ಅವತ್ತೇ ನನ್ನ ಮಾತು ಕೇಳಿದ್ರೆ ಉಳೀತಿದ್ದೆ. ಇನ್ನು ಎರಡು ದಿನ, ಅಷ್ಟೇ."

"ಆಗಲಿ ಪಂಡಿತರೇ," ಎಂದ ದುಂಡು. ಮೇಲಕ್ಕೆ ಈಜಿ, ತಾವರೆ ಎಲೆಯ ಮೇಲೆ ಹತ್ತಿ, ಅಲ್ಲಿಂದ ಒಂದೇ ನೆಗೆತಕ್ಕೆ ದಡದಜ್ಜನ ಪಕ್ಕದಲ್ಲಿ ಹೋಗಿ ಕೂತ. ಕೆಳಗೆ ಪಂಡಿತರು, ಪಾಪ, ಬಾಯಿ ತೆರೆದುಕೊಂಡೇ ಇದ್ದರು. ಮೀನುಗಳ ಬಾಯಿ ಹೇಗೂ ತೆರೆದೇ ಇರುತ್ತದೆ ಎಂದು ಬೆಳ್ಳಕ್ಕ ಎಲ್ಲರಿಗೂ ಸಮಜಾಯಿಷಿ ಕೊಟ್ಟಳು.

ಎರಡು ದಿನ ಕಳೆದವು, ಹತ್ತು ದಿನವೂ ಕಳೆದವು. ದುಂಡು ಸಾಯಲು ಮರೆತು ದಡದಲ್ಲಿ ಹುಳ ಹಿಡಿಯುತ್ತಿದ್ದ. ಒಂದು ಸಂಜೆ ನೀರಿನ ಅಂಚಿಗೆ ಒಂದು ಪುಟ್ಟ ಗೊದಮೊಟ್ಟೆ ಬಂದು ಮೂರು ಸುತ್ತು ಹಾಕಿತು.

"ಅಣ್ಣಾ, ಒಂದು ವಿಷಯ ಕೇಳ್ಬೇಕಿತ್ತು. ನನಗಲ್ಲ, ನನ್ನ ಗೆಳೆಯನಿಗೆ."

ದುಂಡು ಅಜ್ಜನ ಒಂಟಿ ಕಾಲನ್ನೊಮ್ಮೆ ನೋಡಿ, ನೀರಿಗೆ ಬಗ್ಗಿದ. "ನಿನ್ನ ಗೆಳೆಯ ಸ್ವಲ್ಪ ಆ ಕಡೆ ತಿರುಗಲಿ, ನೋಡೋಣ," ಎಂದ.

ನೀತಿ: ಮೈಗೆ ಕತ್ತರಿ ಹಾಕಿಸುವ ಮುನ್ನ ಬಲ್ಲ ಇನ್ನೊಬ್ಬರನ್ನೂ ಕೇಳಬೇಕು, ವೈದ್ಯರ ಬೇಜಾರು ನಾಲ್ಕು ದಿನದಲ್ಲಿ ಹೋಗುತ್ತದೆ, ಹೋದ ಕಾಲು ಮತ್ತೆ ಬರುವುದಿಲ್ಲ.