ಮನೆಗೊಂದು ಕಲ್ಲು

"ಗುರುಗಳೇ, ಒಳ್ಳೆಯದನ್ನು ಮಾಡಿದರೂ ಜನ ಯಾಕೆ ದೂರ ನಿಲ್ಲುತ್ತಾರೆ?"

ಶಿಷ್ಯ ಈ ಪ್ರಶ್ನೆ ಕೇಳಿದಾಗ ಬೆಳಗಿನ ಪಾಠ ಆಗಷ್ಟೇ ಮುಗಿದಿತ್ತು. ಆರು ತಿಂಗಳಿಂದ ಅವನು ಗುಡ್ಡದ ಆಚೆಯ ಹಳ್ಳಿಯೊಂದಕ್ಕೆ ದಿನವೂ ನಡೆದು ಹೋಗಿ ಬರುತ್ತಿದ್ದ. ಅಲ್ಲಿ ಅಕ್ಷರ ಕಲಿಸಲು ಒಂದು ಕೋಣೆ ಕಟ್ಟಿದ್ದ. ಗೋಡೆ ಎಬ್ಬಿಸಿದವನೂ ಅವನೇ, ಹುಲ್ಲು ಹೊದಿಸಿದವನೂ ಅವನೇ, ಚಾಪೆ ಹಾಸಿದವನೂ ಅವನೇ.

"ಪಾಠಕ್ಕೆ ಯಾರು ಬರುತ್ತಾರೆ?" ಎಂದು ಗುರುಗಳು ಕೇಳಿದರು.

"ಇರುವೆಗಳು ಬರುತ್ತವೆ" ಎಂದ ಶಿಷ್ಯ. ಅವನ ದನಿಯಲ್ಲಿ ನಿಜವಾದ ನೋವಿತ್ತು.

ಗುರುಗಳು ನಕ್ಕರು. "ನಿನ್ನ ಪುಣ್ಯ ದೊಡ್ಡದು. ಒಬ್ಬ ವರ್ತಕನ ಬಾವಿಗೆ ಕೇಳದೆ ಬಂದದ್ದು ಒಂದು ಕಪ್ಪೆ ಮಾತ್ರ. ಕುಳಿತುಕೋ, ಅವನ ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

ಒಂದು ಊರು. ಊರು ದಿಬ್ಬದ ಮೇಲೆ, ಹಳ್ಳ ದಿಬ್ಬದ ಕೆಳಗೆ. ನೀರು ಬೇಕೆಂದರೆ ಹೆಂಗಸರು ಇಳಿಜಾರಿನಲ್ಲಿ ಇಳಿದು, ತುಂಬಿದ ಕೊಡ ಹೊತ್ತು ಅದೇ ಇಳಿಜಾರನ್ನು ಹತ್ತಬೇಕಿತ್ತು. ಬೇಸಿಗೆಯಲ್ಲಿ ಕಾಲು ಸುಡುತ್ತಿತ್ತು. ಮಳೆಗಾಲದಲ್ಲಿ ಕಾಲು ಜಾರುತ್ತಿತ್ತು.

ಆ ಊರಿನಲ್ಲಿ ಹುಟ್ಟಿದ ಒಬ್ಬ ವರ್ತಕನಿದ್ದ. ಅವನು ಚಿಕ್ಕವನಾಗಿದ್ದಾಗ ಅವನ ತಾಯಿ ಆ ಇಳಿಜಾರಿನಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಮತ್ತೆ ಅವಳು ನೆಟ್ಟಗೆ ನಡೆಯಲೇ ಇಲ್ಲ. ವರ್ತಕ ದೂರದ ಪೇಟೆಯಲ್ಲಿ ವ್ಯಾಪಾರ ಮಾಡಿ ಚೆನ್ನಾಗಿ ಬದುಕಿ, ತಲೆಗೂದಲು ನರೆತ ಮೇಲೆ ಊರಿಗೆ ಮರಳಿದ. ಅವನಿಗೆ ಉಳಿದಿದ್ದ ಆಸೆ ಒಂದೇ. ಇನ್ನು ಮುಂದೆ ತನ್ನ ಊರಿನ ಯಾವ ಹೆಂಗಸೂ ಕೊಡ ಹೊತ್ತು ಆ ಇಳಿಜಾರು ಹತ್ತಬಾರದು.

ಆಸೆ ಒಳ್ಳೆಯದು, ಮನುಷ್ಯನೂ ಒಳ್ಳೆಯವನು. ಅವನಲ್ಲಿ ಒಂದೇ ಒಂದು ಚಾಳಿ ಇತ್ತು. ಯಾರಿಗೂ ತೊಂದರೆ ಕೊಡಬಾರದು ಎಂಬ ಹಟ. ಅಂಥ ಇನ್ನೊಬ್ಬನನ್ನು ನಾನು ಬಲ್ಲೆ, ಆ ಮಾತು ಈಗ ಬೇಡ.

ವರ್ತಕ ಊರ ನಡುವೆ ಬಾವಿ ತೋಡಿಸಲು ನಿಶ್ಚಯಿಸಿದ. ಬಾವಿ ತೋಡುವವರನ್ನು ಮೂರು ಹರದಾರಿ ದೂರದಿಂದ ಕರೆಸಿದ. ಕಲ್ಲನ್ನು ಒಂದು ಊರಿನಿಂದ ತರಿಸಿದ, ಹಗ್ಗವನ್ನು ಇನ್ನೊಂದು ಊರಿನಿಂದ, ರಾಟೆಯನ್ನು ಪೇಟೆಯಿಂದ.

ಆ ಊರಿನಲ್ಲಿ ಒಂದು ವಾಡಿಕೆ ಇತ್ತು. ಯಾವ ಕೆಲಸವಾದರೂ ಮನೆಗೊಂದು ಕೈ ಸೇರಬೇಕು. ಯಾರದೇ ಮನೆಗೆ ಹುಲ್ಲು ಹೊದಿಸಲಿ, ಮನೆಗೊಂದು ಹೊರೆ ಹುಲ್ಲು ಬರುತ್ತಿತ್ತು. ಯಾರದೇ ಮದುವೆಯಾಗಲಿ, ಮನೆಗೊಂದು ಮೊರ ಅಕ್ಕಿ ಬರುತ್ತಿತ್ತು. ಕರೆಯುವವರು ಬೇಕಿರಲಿಲ್ಲ, ಸುದ್ದಿ ಕಿವಿಗೆ ಬಿದ್ದರೆ ಸಾಕಿತ್ತು. ವರ್ತಕನಿಗೆ ಈ ವಾಡಿಕೆ ಗೊತ್ತಿರಲಿಲ್ಲ ಎಂದು ತಿಳಿಯಬೇಡ. ಚೆನ್ನಾಗಿ ಗೊತ್ತಿತ್ತು. ತನ್ನ ಬಳಿ ಇಷ್ಟೊಂದು ಇರುವಾಗ ಬಡವರ ಕೈಯಿಂದ ಯಾಕೆ ತೆಗೆದುಕೊಳ್ಳಬೇಕು ಎಂದುಕೊಂಡ.

ಕೆಲಸ ಶುರುವಾದ ದಿನ ಒಬ್ಬ ರೈತ ಹಾರೆಯನ್ನು ಹೆಗಲಿಗೇರಿಸಿಕೊಂಡು ಬಂದ. ವರ್ತಕ ಕೈಮುಗಿದು, "ನಿಮ್ಮ ಹೊಲದ ಕೆಲಸ ಕೆಡಿಸಿಕೊಳ್ಳಬೇಡಿ, ಆಳುಗಳಿದ್ದಾರೆ" ಎಂದ. ರೈತ ಹಾರೆ ಹೊತ್ತು ಹಿಂದಿರುಗಿದ. ಕಮ್ಮಾರ ಬಿಂದಿಗೆ ಸಿಕ್ಕಿಸುವ ಕೊಕ್ಕೆಯೊಂದನ್ನು ಬಡಿದು ತಂದ. ಪೇಟೆಯಿಂದ ಕೊಕ್ಕೆ ಬಂದಾಗಿತ್ತು. ಕಮ್ಮಾರ ತನ್ನ ಕೊಕ್ಕೆಯನ್ನು ಮತ್ತೆ ಕುಲುಮೆಗೆ ಹಾಕಿದ.

ಕೊನೆಗೆ ಒಬ್ಬ ಮುದುಕಿ ಬಂದಳು. ತಲೆಯ ಮೇಲೆ ಗಡಿಗೆ ತುಂಬ ಮಜ್ಜಿಗೆ. ಅದಕ್ಕೆ ಶುಂಠಿ ಜಜ್ಜಿ ಹಾಕಿ, ಕರಿಬೇವು ಹಿಸುಕಿ ಬಿಟ್ಟಿದ್ದಳು. ವರ್ತಕ ಅವಳನ್ನೂ ತಡೆದ. ಈ ವಯಸ್ಸಿನಲ್ಲಿ ಇಷ್ಟು ಭಾರ ಹೊತ್ತದ್ದಕ್ಕೆ ಮರುಗಿದ, ಆಳುಗಳಿಗೆ ಅಡುಗೆಯವನನ್ನೇ ಇಟ್ಟಿದ್ದೇನೆ ಎಂದು ಸಮಾಧಾನ ಹೇಳಿದ. ಮುದುಕಿ ಗಡಿಗೆಯೊಂದಿಗೆ ತಿರುಗಿ ನಡೆದಳು. ಅವಳ ಮುಖ ಸಪ್ಪಗಾದದ್ದನ್ನು ವರ್ತಕ ನೋಡಿದ. ಪಾಪ, ದಣಿದಿದ್ದಾಳೆ ಎಂದುಕೊಂಡ.

ಬಾವಿ ಮುಗಿಯಿತು. ನೀರು ಎಳನೀರಿನಷ್ಟು ಸಿಹಿಯಾಗಿತ್ತು. ಸುತ್ತ ನುಣುಪಾಗಿ ಕೆತ್ತಿದ ಕಲ್ಲಿನ ಕಟ್ಟೆ ಎದ್ದಿತು. ಅಂಥ ಬಾವಿ ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಇರಲಿಲ್ಲ. ವರ್ತಕ ಆ ದಿನ ತಾಯಿಯನ್ನು ನೆನೆದು ನೆಮ್ಮದಿಯಾಗಿ ಮಲಗಿದ.

ಮರುದಿನ ಬೆಳಗಾಗುತ್ತಲೇ ಯಾರೋ ಬಾಗಿಲು ತಟ್ಟಿದರು. ತೆರೆದರೆ ಒಬ್ಬ ಹೆಂಗಸು ಕೊಡ ಹಿಡಿದು ನಿಂತಿದ್ದಳು.

"ಸಾವ್ಕಾರ್ರೇ, ನಿಮ್ ಬಾವೀಲಿ ಒಂದ್ ಕೊಡ ನೀರು ಸೇದ್ಕಳ್ಳಲಾ?"

"ಕೇಳುವುದೇನು ತಾಯಿ, ಧಾರಾಳವಾಗಿ ಸೇದಿಕೋ" ಎಂದ ವರ್ತಕ. ಅವನಿಗೆ ಸಂತೋಷವಾಯಿತು. ಬಾಗಿಲು ಹಾಕಿ ಹಾಸಿಗೆಯ ಹತ್ತಿರ ಹೋಗುವಷ್ಟರಲ್ಲಿ ಇನ್ನೊಬ್ಬಳು ತಟ್ಟಿದಳು. ಸಂತೋಷ ಸ್ವಲ್ಪ ಕಡಿಮೆಯಾಯಿತು. ಹನ್ನೊಂದನೆಯವಳು ಬರುವ ಹೊತ್ತಿಗೆ ವರ್ತಕ ಬಾಗಿಲು ಹಾಕುವುದನ್ನೇ ಬಿಟ್ಟಿದ್ದ. ಅಂದೇ ಊರಲ್ಲೆಲ್ಲ ಡಂಗುರ ಹೊಡೆಸಿದ. ಯಾರೂ ಕೇಳಬೇಕಾಗಿಲ್ಲ, ಬೇಕಾದವರು ಬೇಕಾದಷ್ಟು ಸೇದಿಕೊಳ್ಳಬಹುದು. ಜನ ಡಂಗುರವನ್ನು ನಿಂತು ಕೇಳಿದರು. ಮರುದಿನ ಮತ್ತೆ ಬಂದು ಬಾಗಿಲು ತಟ್ಟಿದರು. ಇನ್ನೊಬ್ಬರ ಬಾವಿಯ ನೀರನ್ನು ಹೇಳದೆ ಕೇಳದೆ ಮುಟ್ಟುವ ಜನ ಅವರಲ್ಲ.

ವಾರದ ಮೇಲೆ ಒಬ್ಬಳು ಬಂದು, ನಿಮ್ಮ ಹಗ್ಗದ ಎಳೆ ಬಿಚ್ಚಿಕೊಂಡಿದೆ ಎಂದು ಹೇಳಿ ಹೋದಳು. ಇನ್ನೊಬ್ಬ ಬಂದು, ನಿಮ್ಮ ಬಾವಿಯ ಸುತ್ತ ಕೆಸರಾಗಿದೆ ಎಂದ. ಮತ್ತೊಬ್ಬ ಬಂದು, ನಿಮ್ಮ ಬಾವಿಗೆ ಕಪ್ಪೆ ಬಿದ್ದಿದೆ ಎಂದ. ಎರಡು ದಿನ ಬಿಟ್ಟು ಬಾವಿಯ ಪಕ್ಕದ ಮನೆಯವನು ಬಂದ. "ಸಾವ್ಕಾರ್ರೇ, ನಿಮ್ ಕಪ್ಪೆ ಕೂಗಿ ಕೂಗಿ ನಮಗೆ ನಿದ್ದೆ ಇಲ್ಲ" ಎಂದ.

ಶಿಷ್ಯ ಜೋರಾಗಿ ನಕ್ಕುಬಿಟ್ಟ. ಗುರುಗಳು ಅವನ ನಗು ಮುಗಿಯುವವರೆಗೆ ಕಾದರು. "ನಗು. ಆದರೆ ಬುಟ್ಟಿ ಇಳಿಬಿಟ್ಟು ಆ ಕಪ್ಪೆಯನ್ನು ಮೇಲಕ್ಕೆತ್ತಿದವನೂ ವರ್ತಕನೇ. ಇಡೀ ಊರು ಸುತ್ತ ನಿಂತು ನೋಡಿತು" ಎಂದು ಮುಂದುವರಿಸಿದರು.

ತಿಂಗಳಾಗುವಷ್ಟರಲ್ಲಿ ಹೆಂಗಸರಿಗೆ ಕೇಳಿ ಕೇಳಿ ನಾಚಿಕೆಯಾಯಿತು. ದಿನಬೆಳಗಾದರೆ ಒಬ್ಬರ ಬಾಗಿಲಲ್ಲಿ ನಿಲ್ಲುವುದು ಯಾರಿಗೆ ಇಷ್ಟ? ಹಳ್ಳವಾದರೆ ಯಾರನ್ನೂ ಕೇಳಬೇಕಾಗಿಲ್ಲ. ಅವರು ತುಂಬಿದ ಬಾವಿಯ ಪಕ್ಕದಲ್ಲೇ ಖಾಲಿ ಕೊಡ ಹಿಡಿದು ಹಾದು, ಮೊದಲಿನಂತೆ ಇಳಿಜಾರಿನ ದಾರಿ ಹಿಡಿದರು. ವರ್ತಕ ಕಿಟಕಿಯಲ್ಲಿ ನಿಂತು ನೋಡಿದ. ಅವನಿಗೆ ಊಟ ಸೇರದಾಯಿತು.

ಮುಂಗಾರಿನ ಮೊದಲ ಮಳೆ ಬಿತ್ತು. ಹಾರೆ ತಂದಿದ್ದ ರೈತನ ಹೆಂಡತಿ ಏಳು ತಿಂಗಳ ಬಸುರಿ. ಅವಳು ಕೊಡ ಹೊತ್ತು ಹತ್ತುವಾಗ ಇಳಿಜಾರಿನಲ್ಲಿ ಜಾರಿದಳು. ಕೊಡ ಒಡೆಯಿತು. ಅವಳು ಒಂದು ಲಂಟಾನದ ಪೊದೆ ಹಿಡಿದುಕೊಂಡು ಉಳಿದಳು. ಸುದ್ದಿ ಕೇಳಿ ವರ್ತಕ ಓಡಿ ಬಂದ. ಅವಳಿಗೆ ಏನೂ ಆಗಿಲ್ಲವೆಂದು ತಿಳಿದ ಮೇಲೂ ಒಡೆದ ಕೊಡದ ಚೂರುಗಳ ಮುಂದೆ ಕುಳಿತು ಅತ್ತ. ಆಮೇಲೆ ಸಿಟ್ಟು ಬಂತು. ಕಾಲ ಬುಡದಲ್ಲಿ ನೀರಿದ್ದರೂ ಬೀಳಲು ಇಲ್ಲಿಗೆ ಬರುತ್ತಾರಲ್ಲ, ಈ ಜನಕ್ಕೆ ಎಷ್ಟು ಸೊಕ್ಕು ಎಂದುಕೊಂಡ. ಆ ಸಿಟ್ಟಿನಲ್ಲೇ ನೇರವಾಗಿ ಮುದುಕಿಯ ಮನೆಗೆ ಹೋದ. ಊರಿನಲ್ಲಿ ಮುಖಕ್ಕೆ ಹೊಡೆದಂತೆ ಮಾತಾಡುವವಳು ಅವಳೊಬ್ಬಳೇ.

"ಅಜ್ಜಿ, ನಾನು ಊರಿಗೆ ಏನು ಅನ್ಯಾಯ ಮಾಡಿದೆ? ನನ್ನ ಬಾವಿಯ ನೀರಲ್ಲಿ ಏನು ಕೊರತೆ ಇದೆ?"

ಮುದುಕಿ ರಾಗಿ ಬೀಸುತ್ತಿದ್ದಳು. ಬೀಸುವುದನ್ನು ನಿಲ್ಲಿಸದೆ, "ಅದಿರ್ಲಿ. ನನ್ ಮಜ್ಜಿಗೇಲಿ ಏನ್ ಕೊರತೆ ಇತ್ತು, ಅದನ್ನ ಮೊದ್ಲು ಹೇಳು" ಎಂದಳು.

ವರ್ತಕ ತಬ್ಬಿಬ್ಬಾದ. "ಏನೂ ಕೊರತೆ ಇರಲಿಲ್ಲ. ನಿನಗೆ ಕಷ್ಟವಾಗಬಾರದು ಅಂತ ಬೇಡ ಅಂದೆ" ಎಂದ.

"ಕಷ್ಟ ನಂದು. ಬೇಡ ಅನ್ನಾಕೆ ನೀನ್ಯಾರಪ್ಪ? ಊರಿಗೆ ಬಾವಿ ಆಗ್ತೈತೆ ಅಂತ ಮೂರು ದಿನ ಮೊಸರು ಕೂಡಿಟ್ಟು ಕಡೆದಿದ್ದೆ. ನಮ್ ಕೈ ತಾಗದೇ ಇರೋದು ನಮ್ದು ಹೆಂಗಾಗ್ತೈತೆ?" ಎಂದಳು ಮುದುಕಿ. ಅವಳ ಕಣ್ಣಲ್ಲಿ ನೀರಿತ್ತು. ಬೀಸುವ ಕಲ್ಲಿಗೆ ಇನ್ನೊಂದು ಹಿಡಿ ರಾಗಿ ಹಾಕಿ ಅವಳೇ ಮತ್ತೆ ಹೇಳಿದಳು. "ಈಗ ಏನ್ ಮಾಡಾಕೂ ಬರಂಗಿಲ್ಲ ಬಿಡು. ಒಂದು ಕಲ್ಲಿಡಾಕೂ ನೀನು ಜಾಗ ಬಿಟ್ಟಿಲ್ಲ."

ವರ್ತಕ ಅಲ್ಲಿಂದ ಬಾವಿಗೆ ಬಂದ. ಕಟ್ಟೆಯ ಎದುರು ಬಹಳ ಹೊತ್ತು ನಿಂತ. ಮುದುಕಿ ಹೇಳಿದ್ದು ನಿಜ. ಕಲ್ಲಿಗೆ ಕಲ್ಲು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನಡುವೆ ಉಗುರು ತೂರಿಸಲೂ ಆಗುತ್ತಿರಲಿಲ್ಲ. ಅವನು ರೈತನ ಮನೆಗೆ ಹೋಗಿ, ಒಂದು ಹಾರೆ ಬೇಕಿತ್ತು ಎಂದ. ಊರಿಗೆ ಮರಳಿದ ಮೇಲೆ ಅವನು ಇನ್ನೊಬ್ಬರಿಂದ ಕೇಳಿದ ಮೊದಲ ವಸ್ತು ಅದು. ಕೇಳುವಾಗ ಅವನ ನಾಲಿಗೆ ತಡವರಿಸಿತು. ಬಾಗಿಲು ತಟ್ಟುವುದು ಎಷ್ಟು ಕಷ್ಟ ಎಂದು ಅವನಿಗೆ ಅಂದು ತಿಳಿಯಿತು.

ವರ್ತಕ ತನ್ನ ಕೈಯಾರೆ ಬಾವಿಯ ಕಟ್ಟೆಯನ್ನು ಕೀಳತೊಡಗಿದ. ತಕ್ಕಡಿ ಹಿಡಿದ ಕೈಗೆ ಹಾರೆ ಒಗ್ಗಲಿಲ್ಲ. ಮೊದಲ ಏಟು ಕಲ್ಲಿಗೆ ಬಿತ್ತು, ಎರಡನೆಯದು ಚಪ್ಪಲಿಯ ತುದಿಗೆ. ಸಾಹುಕಾರನಿಗೆ ತಲೆ ಕೆಟ್ಟಿತೆಂದು ಜನ ಗುಂಪುಗೂಡಿದರು. ರೈತ ನೋಡುವಷ್ಟು ನೋಡಿದ. ಅವನಿಗೆ ತಡೆಯಲಾಗಲಿಲ್ಲ.

"ಅಂಗಲ್ಲ ಸಾವ್ಕಾರ್ರೇ. ಒಂದೋ ಹಾರೆ ಮುರೀತೈತೆ, ಇಲ್ಲಾ ನಿಮ್ ಕಾಲು ಮುರೀತೈತೆ. ಇತ್ಲಾಗ್ ಕೊಡಿ" ಎಂದು ಹಾರೆ ಕಿತ್ತುಕೊಂಡ. ನಿಮಗೇಕೆ ತೊಂದರೆ ಎಂಬ ಎಂದಿನ ಮಾತು ವರ್ತಕನ ಬಾಯಿಗೆ ಬಂದಿತ್ತು. ಅವನು ಅದನ್ನು ನುಂಗಿಕೊಂಡ. ಮಧ್ಯಾಹ್ನದೊಳಗೆ ಕಟ್ಟೆ ನೆಲಸಮವಾಯಿತು.

ಆಗ ವರ್ತಕ ಊರವರ ಮುಂದೆ ನಿಂತು ಹೇಳಿದ. "ಕಟ್ಟೆಯಿಲ್ಲದ ಬಾವಿ ಇದು. ಕರು ಬೀಳಬಹುದು, ಕೂಸು ಬೀಳಬಹುದು. ನನ್ನೊಬ್ಬನಿಂದ ಆಗುವುದಿಲ್ಲ. ಮನೆಗೊಂದು ಕಲ್ಲು ಕೊಡಿ. ನನ್ನ ಮನೆಯದೂ ಒಂದೇ ಕಲ್ಲು."

ಮುದುಕಿ ಮನೆಗೆ ಹೋಗಿ, ಸವೆದುಹೋದ ಒರಳುಕಲ್ಲನ್ನು ಬೀದಿಯುದ್ದಕ್ಕೂ ಉರುಳಿಸಿಕೊಂಡು ಬಂದಳು. ನೆರವಿಗೆ ಬಂದವರನ್ನು ಗದರಿ ಕಳಿಸಿದಳು. ಅದನ್ನು ನೋಡಿ ರೈತ ಹೊಲದ ಬದುವಿನಿಂದ ಒಂದು ಗುಂಡುಕಲ್ಲು ತಂದ. ಅಗಸ ಬಟ್ಟೆ ಒಗೆಯುವ ಕಲ್ಲಿನ ಮುರಿದ ತುಂಡು ತಂದ. ಮನೆಯಲ್ಲಿ ಮಣ್ಣು ಬಿಟ್ಟು ಬೇರೇನೂ ಇಲ್ಲದ ಕುಂಬಾರ ಹಳ್ಳಕ್ಕಿಳಿದು ಒಂದು ಕಲ್ಲು ಹೊತ್ತು ತಂದ. ಸಂಜೆಯೊಳಗೆ ಕಲ್ಲಿನ ರಾಶಿ ಬಿತ್ತು. ರಾಶಿಯ ಜೊತೆಗೆ ಜಗಳವೂ ಶುರುವಾಯಿತು. ಯಾರ ಕಲ್ಲು ಎಲ್ಲಿ ಕೂರಬೇಕು, ಯಾವುದು ಮೊದಲು, ಯಾವುದು ಆಮೇಲೆ. ವರ್ತಕ ಒಂದು ಮೂಲೆಯಲ್ಲಿ ಕುಳಿತು ಆ ಜಗಳವನ್ನು ಸಂಗೀತ ಕೇಳುವವನಂತೆ ಕೇಳಿದ.

ಆಗ ಊರ ಹೊರಗಿನ ಕೇರಿಯಿಂದ ಚಮ್ಮಾರ ಬಂದ. ತೊಗಲು ಬಡಿಯುವ ಕಲ್ಲನ್ನು ಹೊತ್ತು ದೂರದಲ್ಲೇ ನಿಂತ. ಜಗಳ ಥಟ್ಟನೆ ನಿಂತಿತು. ಒಬ್ಬರ ಮುಖ ಒಬ್ಬರು ನೋಡಿದರು. ಮುದುಕಿ ಎದ್ದು ನಿಂತಳು.

"ಯಾಕಪ್ಪ ಅಲ್ಲೇ ನಿಂತೆ? ಮನೆಗೊಂದು ಅಂದ ಮೇಲೆ ನಿಂದೂ ಮನೆ ತಾನೆ? ಒಳ್ಳೆ ಅಗಲವಾಗೈತೆ, ಅಡೀಗೆ ಬರ್ತೈತೆ, ತಾ" ಎಂದಳು.

ಅವನ ಕಲ್ಲು ಅಡಿಸಾಲಿನಲ್ಲಿ ಕೂತಿತು. ಅದರ ಮೇಲೆ ಉಳಿದವರ ಕಲ್ಲುಗಳು ಏರಿದವು. ಆಮೇಲೆ ಗೊಣಗಿದವರೂ ಇದ್ದರು. ಆದರೆ ಅವನ ಕಲ್ಲನ್ನು ತೆಗೆಯಬೇಕಾದರೆ ತಮ್ಮ ಕಲ್ಲನ್ನೂ ಕೀಳಬೇಕಿತ್ತು. ಅವರು ಗೊಣಗುತ್ತಲೇ ಇದ್ದರು, ಅವನ ಹೆಂಡತಿ ನೀರು ಸೇದುತ್ತಲೇ ಇದ್ದಳು.

ಮೂರು ದಿನಕ್ಕೆ ಕಟ್ಟೆ ಎದ್ದಿತು. ಎಂಥ ಕಟ್ಟೆ ಅಂದುಕೊಂಡೆ? ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಮೊದಲಿನ ಕಟ್ಟೆ ಕಟ್ಟಿದವರು ನೋಡಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆ ನುಣುಪು ಕಲ್ಲುಗಳನ್ನು ಊರವರು ಬಾವಿಯ ಸುತ್ತಲಿನ ಕೆಸರಿಗೆ ಹಾಸಿಬಿಟ್ಟರು.

ನಾಲ್ಕನೆಯ ದಿನ ವರ್ತಕನ ಬಾಗಿಲನ್ನು ಯಾರೂ ತಟ್ಟಲಿಲ್ಲ. ಬಿಸಿಲು ಮುಖಕ್ಕೆ ಬಿದ್ದ ಮೇಲೆ ಅವನಿಗೆ ಎಚ್ಚರವಾಯಿತು. ಗಾಬರಿಯಿಂದ ಕಿಟಕಿಗೆ ಬಂದ. ಬಾವಿಯ ಸುತ್ತ ಹೆಂಗಸರು ಕಿಕ್ಕಿರಿದಿದ್ದರು. ನನ್ನ ಸರದಿ, ನಿನ್ನ ಸರದಿ ಎಂದು ಕೂಗಾಡುತ್ತಿದ್ದರು. ಮುದುಕಿ ಅವರ ನಡುವೆ ನಿಂತು ಎಲ್ಲರನ್ನೂ ಬಯ್ಯುತ್ತಿದ್ದಳು. ಹಗ್ಗ ಸವೆದಾಗ ಮನೆಗೊಂದು ಮಾರು ಹಗ್ಗ ಬಂತು. ಕಪ್ಪೆ ಬಿದ್ದರೆ ಹತ್ತಿರ ಇದ್ದವರು ಎತ್ತಿ ಹಾಕಿದರು. ರೈತನ ಹೆಂಡತಿ ಹೆಣ್ಣು ಹೆತ್ತಳು. ಕೂಸಿನ ಮೊದಲ ಸ್ನಾನಕ್ಕೆ ಅದೇ ಬಾವಿಯ ನೀರು. ಇಳಿಜಾರಿನ ದಾರಿಯಲ್ಲಿ ಹುಲ್ಲು ಬೆಳೆದು, ದಾರಿ ಎಲ್ಲಿತ್ತೆಂದು ಹುಡುಕಬೇಕಾಯಿತು.

ಒಂದು ದಿನ ದಾರಿಹೋಕನೊಬ್ಬ ನೀರು ಕುಡಿದು, ಕಟ್ಟೆಯ ಮೇಲೆ ಕುಳಿತಿದ್ದ ವರ್ತಕನನ್ನೇ, "ಇದು ಯಾರ ಬಾವಿ?" ಎಂದು ಕೇಳಿದ. "ನಮ್ಮ ಊರಿನದು. ಇದರಲ್ಲಿ ಒಂದು ಕಲ್ಲು ನನ್ನದು" ಎಂದ ವರ್ತಕ. ಆ ಮಾತು ಹೇಳುವಾಗ ಅವನಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ಇಡೀ ಬಾವಿ ತನ್ನದಾಗಿದ್ದಾಗಲೂ ಅಷ್ಟು ಆಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಉತ್ಸಾಹದಿಂದ ಎದ್ದು ನಿಂತ.

"ಅರ್ಥವಾಯಿತು ಗುರುಗಳೇ. ನಾಳೆಯೇ ಹೋಗಿ ನನ್ನ ಕೋಣೆಯ ಹುಲ್ಲನ್ನು ಕಿತ್ತುಹಾಕುತ್ತೇನೆ. ಊರವರೇ ಮತ್ತೆ ಹೊದಿಸಲಿ. ಅವರಿಗೆ ಬೇಕಾದ ಹೊಸ ಹುಲ್ಲು, ಹಗ್ಗ, ಏಣಿ ಎಲ್ಲವನ್ನೂ ಇಲ್ಲಿಂದಲೇ ಗಾಡಿಯಲ್ಲಿ ಒಯ್ಯುತ್ತೇನೆ. ಮತ್ತೇನು ಒಯ್ಯಲಿ?"

ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು: "ಬರಿಗೈಯಲ್ಲಿ ಹೋಗು, ಮಧ್ಯಾಹ್ನದ ಬುತ್ತಿಯನ್ನೂ ಕಟ್ಟಿಕೊಳ್ಳಬೇಡ."