ಹೊಂಡದ ಚೌಕ

"ಕಟುವಾದದ್ದನ್ನು ಮಕ್ಕಳಿಗೆ ತುಸು ಮೆದುಮಾಡಿ ಹೇಳಿದರೆ ತಪ್ಪೇನು?" ಎಂದು ಶಿಷ್ಯೆ ಕೇಳಿದಳು. ಅವಳು ಊರಿನ ಚಿಕ್ಕ ಮಕ್ಕಳಿಗೆ ಕತೆ ಹೇಳುವವಳು. ಹಿಂದಿನ ದಿನ ಒಂದು ಮಗು ಅತ್ತಿತೆಂದು ಕತೆಯ ಕೊನೆಯನ್ನೇ ಬದಲಿಸಿ ಬಂದಿದ್ದಳು.

ಗುರುಗಳು ಒಂದು ಕತೆ ಹೇಳಿದರು.

ಕಲ್ಲು ಒಡೆಯುವ ಹೆಂಗಸೊಬ್ಬಳಿದ್ದಳು. ಇವಳಿಂದ ಆಗದು ಎಂದು ಮೊದಲು ಹೇಳಿದವನು ಕ್ವಾರಿಯ ಮೇಸ್ತ್ರಿ. ಗಂಡ ತೀರಿಕೊಂಡ ಹದಿನೈದನೆಯ ದಿನ ಅವಳು ಸುತ್ತಿಗೆ ಹಿಡಿದು ಬಂದು ನಿಂತಾಗ, "ಎರಡು ಕೂಸು ಕಟ್ಟಿಕೊಂಡು ನೀನು ಇಲ್ಲಿ ಮೂರು ತಿಂಗಳೂ ನಿಲ್ಲಲ್ಲ ಕಣಮ್ಮ. ತವರಿಗೆ ಹೋಗು" ಎಂದ.

"ಕೈ ಎರಡೂ ನೆಟ್ಟಗಿವೆ. ಕೂರೋ ಜಾಗ ತೋರಿಸಪ್ಪ" ಎಂದಳು.

ಮೂರು ತಿಂಗಳು ಕಳೆಯಿತು, ವರ್ಷವೂ ಕಳೆಯಿತು. ಅವಳು ಯಾರ ಮುಂದೆಯೂ ಕೈಚಾಚಲಿಲ್ಲ. ಕಿರಾಣಿ ಅಂಗಡಿಯ ಪೊಟ್ಟಣದ ಕಾಗದಗಳನ್ನು ಬಿಡಿಸಿ ಬಿಡಿಸಿ ಓದುವುದನ್ನೂ ಕಲಿತಳು.

ಅವಳಿಗಿದ್ದದ್ದು ಒಂದೇ ಭಯ. ಗುಡಿಸಲಿನಿಂದ ಅವಳು ಕೆಲಸ ಮಾಡುವ ಜಾಗಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿ, ಕಲ್ಲು ತೆಗೆದು ಬಿಟ್ಟ ಹಳೆಯ ಹೊಂಡವಿತ್ತು. ಅದರಲ್ಲಿ ನೀರು ನಿಂತಿತ್ತು. ಆಳ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಯ ಹೆಂಗಸರು ಕೆಲಸಕ್ಕೆ ಕೂರುವ ಮೊದಲು, ಹಳೆಯ ಸೀರೆಯ ಅಂಚಿನಿಂದ ಮಕ್ಕಳ ಕಾಲನ್ನು ಬೇವಿನ ಮರಕ್ಕೆ ಕಟ್ಟುತ್ತಿದ್ದರು.

"ನಿನ್ನವನ್ನೂ ಕಟ್ಟೇ" ಎಂದಳು ಪಕ್ಕದವಳು.

"ನನ್ನ ಮಕ್ಕಳೇನು ಕುರಿಗಳಾ? ಅವಕ್ಕೆ ತಿಳಿಯೋ ಹಾಗೆ ಹೇಳ್ತೀನಿ."

"ಹೇಳು ಹೇಳು. ನೀನು ಓದಿದ ದೊರೆಸಾನಿ ಅಲ್ವಾ!"

ಅವಳಿಗೆ ರೋಷ ಬಂತು. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಬರಿಯ ಮಾತಿನಲ್ಲಿ ಹೇಳಿದರೆ ನಿಲ್ಲದು ಎಂದು ಅವಳು ಒಂದು ಆಟ ಕಟ್ಟಿದಳು. ಗುಡಿಸಲಿನಿಂದ ತಾನು ಕೂರುವ ಜಾಗದವರೆಗೆ ಹೆಜ್ಜೆ ಎಣಿಸಿ ಬಂದಳು. ಗೋಣಿಚೀಲ ಬಿಚ್ಚಿ ಹಾಸಿ, ಹತ್ತು ಹೆಜ್ಜೆಗೆ ಒಂದರಂತೆ ಇದ್ದಿಲಿನಿಂದ ಚೌಕಗಳನ್ನು ಬರೆದಳು. ಮೊದಲ ಚೌಕ ಗುಡಿಸಲು, ಕೊನೆಯದು ಅವ್ವ. ನಡುವೆ ಬೇವಿನ ಮರ, ಜಾಲಿ ಮುಳ್ಳು, ಲಾರಿಯ ದಾರಿ, ಎಲ್ಲವೂ ಇದ್ದಲ್ಲೇ. ಹೊಂಡವಿದ್ದ ಕಡೆ ಒಂದು ಚೌಕಕ್ಕೆ ಪೂರ್ತಿ ಮಸಿ ಬಳಿದಳು. ಹುಣಸೆ ಬೀಜಗಳ ಒಂದು ಮೈಯನ್ನು ಬಿಳಿ ಕಾಣುವ ತನಕ ಕಲ್ಲಿಗೆ ತೇದಳು. ಎಷ್ಟು ಬಿಳಿ ಮೇಲಾಗಿ ಬಿದ್ದವೋ ಅಷ್ಟು ಚೌಕ ನಡೆಯಬೇಕು. ಮಗಳಿಗೆ ಹಸಿರು ಬಳೆಚೂರು ಕಾಯಿ, ಮಗನಿಗೆ ಕೆಂಪು.

ಮೊದಲ ದಿನವೇ ಮಗನ ಕಾಯಿ ಮಸಿಯ ಚೌಕಕ್ಕೆ ಬಂತು. ಅವಳು ಅದನ್ನು ಎತ್ತಿ ಹಾಸಿನಿಂದ ಆಚೆ ಇಟ್ಟಳು.

"ನನ್ನ ಕಾಯಿ ಎಲ್ಲಿ ಹೋಯ್ತವ್ವ?"

"ಹೊಂಡಕ್ಕೆ ಬಿತ್ತು. ಮುಗೀತು."

"ಆಮೇಲೆ?"

"ಆಮೇಲೆ ಏನೂ ಇಲ್ಲ."

ಮಗ ಅತ್ತ. ಮರುದಿನವೂ ಬಿದ್ದ, ಮರುದಿನವೂ ಅತ್ತ. ಮೂರನೆಯ ದಿನ ಗಂಜಿ ಕುಡಿಯಲಿಲ್ಲ. ಮಗಳು ತಾಯಿಯ ಸೆರಗು ಎಳೆದಳು. "ಪಾಪ ಕಣವ್ವ. ಅವನ್ನ ಗುಡಿಸಲಿಗೆ ಕಳಿಸು, ಮೊದಲಿಂದ ಬರಲಿ."

ದಿನವೆಲ್ಲ ಸುತ್ತಿಗೆ ಎತ್ತಿ ದಣಿದಿದ್ದ ಅವಳಿಗೆ ಆ ಅಳು ಸಾಕಾಗಿತ್ತು. "ಆಗಲಿ, ಬಿದ್ದವರು ಮತ್ತೆ ಗುಡಿಸಲಿನಿಂದ" ಎಂದಳು.

ಮಗ ನಕ್ಕ. ಅಂದಿನಿಂದ ಅವನ ಕಾಯಿ ಹೊಂಡಕ್ಕೆ ಬಿದ್ದಾಗಲೆಲ್ಲ ಗುಡಿಸಲಿಗೆ ಬಂತು. ಆರು ತಿಂಗಳು ಮಕ್ಕಳು ಅದೇ ಆಟ ಆಡಿದವು. ದಾರಿಯ ಒಂದೊಂದು ಮುಳ್ಳೂ ಅವಕ್ಕೆ ಬಾಯಿಪಾಠವಾಯಿತು. ಕಟ್ಟದೆಯೇ ಸಾಕಿದೆ ಎಂದು ಅವಳು ತಲೆಯೆತ್ತಿ ಓಡಾಡಿದಳು.

ಒಂದು ಬೆಳಿಗ್ಗೆ ಮಗಳು, ಅವ್ವನಿಗೆ ಒಂದು ಕೆಲಸ ಕಡಿಮೆಯಾಗಲಿ ಎಂದು, ಗಂಜಿಯ ಪಾತ್ರೆ ತೊಳೆಯಲು ಹೊಂಡದ ಅಂಚಿಗೆ ಹೋದಳು. ತಮ್ಮನೂ ಹಿಂದೆ ಹೋದ. ಅಂಚು ಪಾಚಿ ಕಟ್ಟಿತ್ತು.

ಮಧ್ಯಾಹ್ನ ತಾಯಿ ಉಣ್ಣಲು ಬಂದಾಗ ಮಗ ಹೊಸ್ತಿಲ ಬಳಿ ಗೋಣಿ ಹಾಸಿಕೊಂಡು ಕೂತಿದ್ದ. ಹಸಿರು ಬಳೆಚೂರು ಮೊದಲ ಚೌಕದಲ್ಲಿತ್ತು.

"ಅಕ್ಕ ಎಲ್ಲೋ?"

"ಹೊಂಡಕ್ಕೆ ಬಿದ್ಲು."

ಅವಳು ಅದನ್ನು ಆಟದ ಮಾತೆಂದುಕೊಂಡಳು. "ಆಟ ಆಮೇಲೆ. ಉಣ್ಣೋಕೆ ಕರಿ ಅವಳನ್ನ."

"ಬರ್ತಾಳೆ ತಾಳವ್ವ. ಪಾತ್ರೆನೂ ಬಿತ್ತು. ಮೊದಲಿಂದ ಬರಬೇಕಲ್ಲ, ನಾನೂ ಆವಾಗಿಂದ ಕಾಯ್ತಿದೀನಿ."

ಅವಳು ಒಲೆಯ ಕಡೆ ನೋಡಿದಳು. ಪಾತ್ರೆ ಇರಲಿಲ್ಲ.

ಅವಳು ಓಡಿದಳು. ಬೆಳಗಿನಿಂದ, ಹೊಂಡದಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಹನ್ನೆರಡು ಹೆಂಗಸರು ಜಲ್ಲಿ ಒಡೆಯುತ್ತಿದ್ದರು. ಅವರಲ್ಲಿ ಇಬ್ಬರಿಗೆ ಈಜು ಬರುತ್ತಿತ್ತು. ದಡದಲ್ಲಿದ್ದ ತಮ್ಮ ಕೂಗಿರಲಿಲ್ಲ. ಕೂಗುವಂಥದ್ದು ನಡೆದಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ಕೇಳಿದಳು: "ಆ ಗೋಣಿಯನ್ನು ಅವಳು ಸುಟ್ಟಳೇ?"

"ಇಲ್ಲ. ಮೊದಲಿನ ನಿಯಮವನ್ನೇ ಮತ್ತೆ ತಂದಳು. ಈಗ ಆ ಕ್ವಾರಿಯ ಮಕ್ಕಳೆಲ್ಲ ಅದನ್ನೇ ಆಡುತ್ತವೆ. ಹೊಂಡಕ್ಕೆ ಬಿದ್ದ ಕಾಯಿಯನ್ನು ಅವಳೇ ಎತ್ತಿ ಆಚೆ ಇಡುತ್ತಾಳೆ. ಮಕ್ಕಳು ಅಳುತ್ತವೆ."

"ಅವಳು ಏನೂ ಮಾಡುವುದಿಲ್ಲವೇ?"

"ಅವಳಿಗೆ ಈಗ ಇರುವುದು ಒಬ್ಬ ಮಗ, ಮತ್ತು ಆ ಅಳುವನ್ನು ಕೇಳುತ್ತ ಪಕ್ಕದಲ್ಲೇ ಕೂರುವ ಶಕ್ತಿ. ಆ ಶಕ್ತಿಗೆ ಬೆಲೆಯಾಗಿ ಅವಳು ಮಗಳನ್ನು ತೆತ್ತಳು" ಎಂದರು ಗುರುಗಳು.