ರೇಷ್ಮೆ ಶಾಲು ಮತ್ತು ಉಕ್ಕಿನ ಹಗ್ಗ

ತೈಲ ಕಾರ್ಖಾನೆಯ ಮ್ಯಾನೇಜರ್ ಪದ್ಮರಾಜರಿಗೆ ಅಂದು ಬೆಳಿಗ್ಗೆ ರೇಷ್ಮೆ ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಆ ಶಾಲಿನಲ್ಲೇ ಅವರು ಕ್ರೇನಿನ ಬಳಿ ಬಂದರು. ಮಧ್ಯಾಹ್ನ ಚೇರ್ಮನ್ನರು ಬರುವವರಿದ್ದರು, ದೊಡ್ಡ ಪಂಪು ಇನ್ನೂ ನೆಲದ ಮೇಲಿತ್ತು. ಭಾರ ಎತ್ತುವ ಉಕ್ಕಿನ ಹಗ್ಗಗಳನ್ನು ಪರೀಕ್ಷಿಸುವ ಲೋಕಯ್ಯ ಕೆಲಸ ನಿಲ್ಲಿಸಿದ್ದ.

"ಏನ್ರೀ ಲೋಕಯ್ಯ, ಹಗ್ಗಕ್ಕೇನಾಗಿದೆ?"

"ಎಳೆಗಳು ತುಂಡಾಗಿವೆ ಸಾರ್. ಪಂಪು ಎತ್ತುವಾಗ ಪಕ್ಕದಲ್ಲಿ ನಮ್ಮವರಿಬ್ಬರು ನಿಂತಿರುತ್ತಾರೆ."

"ನನ್ನ ಕಣ್ಣಿಗೆ ಒಂದೂ ಕಾಣುತ್ತಿಲ್ಲ. ಎಷ್ಟು ನುಣುಪಾಗಿದೆ! ಎತ್ತಿಸಿ."

"ಆಗಲಿ ಸಾರ್. ನಾವು ಹಗ್ಗಕ್ಕೆ ಬಟ್ಟೆ ಸುತ್ತಿ, ಈ ತುದಿಯಿಂದ ಆ ತುದಿಗೆ ಎಳೆದು ನೋಡುವುದು ವಾಡಿಕೆ; ತುಂಡಾದ ಎಳೆಯಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ನನ್ನ ಹಳೇ ಬಟ್ಟೆಯ ಮಾತನ್ನು ನೀವು ನಂಬುವುದಿಲ್ಲ. ತಮ್ಮ ಶಾಲು ಕೊಡಿ. ಗ್ರೀಸೆಲ್ಲ ಒರೆಸಿದ್ದೇನೆ, ಕಲೆಯಾಗುವುದಿಲ್ಲ."

ಪದ್ಮರಾಜರ ಕೈ ಶಾಲನ್ನು ಬಿಗಿಯಾಗಿ ಹಿಡಿಯಿತು. "ಹರಿದುಹೋದರೆ?"

"ನುಣುಪಾದ ಹಗ್ಗ ಸಾರ್, ಹೇಗೆ ಹರಿದೀತು?"

ಸುತ್ತ ನಿಂತವರು ಕೆಮ್ಮತೊಡಗಿದರು. ಪದ್ಮರಾಜರು ಶಾಲನ್ನು ಮಡಿಸಿ ಕಂಕುಳಲ್ಲಿ ಇರುಕಿಕೊಂಡು ಕೂಗಿದರು: "ನೋಡ್ತಾ ನಿಂತಿದ್ದೀರಲ್ಲ! ಹೊಸ ಹಗ್ಗ ತನ್ನಿ!"

ಹೊಸ ಹಗ್ಗದಲ್ಲಿ ಪಂಪು ಮೆಲ್ಲಗೆ ಮೇಲೇರಿ ತನ್ನ ಜಾಗದಲ್ಲಿ ಕೂತಿತು. ಪದ್ಮರಾಜರು ನಿಟ್ಟುಸಿರು ಬಿಟ್ಟರು. "ಸದ್ಯ, ಶಾಲು ಉಳಿಯಿತು."

ಪಂಪಿನ ಪಕ್ಕ ಬೆವರು ಒರೆಸಿಕೊಳ್ಳುತ್ತಿದ್ದ ಇಬ್ಬರನ್ನು ನೋಡಿ ಲೋಕಯ್ಯ ಹೇಳಿದ, "ಜೊತೆಗೆ ಇವರೂ, ಸಾರ್."